ದೊರೆ ಬಂಗಲೆ: ಕೂರಿಸಿದ ಕೈ

"ಮೆಟ್ಟಿಲು ತಿರುಗೋ ಕಡೆ ಒಂದು ಹಲಗೆ ಸಡಿಲ ಇದೆ, ಗೋಡೆ ಪಕ್ಕಕ್ಕೆ ಕಾಲಿಡಿ" ಎಂದು ಲೋಹಿತಾ ಹೇಳುವುದಕ್ಕೂ ದಾಕ್ಷಾಯಣಮ್ಮ ಅದೇ ಹಲಗೆಯ ನಟ್ಟನಡುವೆ ಕಾಲಿಡುವುದಕ್ಕೂ ಸರಿಹೋಯಿತು.

ಹಲಗೆ ನರಳಿತು. ಕೆಳಗಿನ ಹಜಾರದಲ್ಲಿ ದೊರೆಯ ಊಟದ ಮೇಜು ನೋಡುತ್ತಿದ್ದ ಪಾವಗಡ ಕಡೆಯ ಕುಟುಂಬವೊಂದು ಬೆಚ್ಚಿ ತಲೆಯೆತ್ತಿತು.

"ಹೇಳಿದ್ರೂ ತುಳೀತಾರೆ ಮೇಡಂ. ಅಲ್ಲಿ ಬೆಳಕು ಸಾಲದು, ಕಾಲು ತಾನಾಗೇ ನಡುವೆ ಬೀಳುತ್ತೆ" ಎಂದಳು ಲೋಹಿತಾ. ಈ ವಸ್ತುಸಂಗ್ರಹಾಲಯದ ಉಸ್ತುವಾರಿ ಅವಳದು. "ನಮಗೆ ಅಭ್ಯಾಸ ಆಗಿಹೋಗಿದೆ. ಹತ್ತಿಳಿದು ಗೊತ್ತಿರೋರ ಕಾಲು ಅದನ್ನ ತಪ್ಪಿಸ್ಕೊಂಡೇ ಹೋಗುತ್ತೆ."

"ಒಂದು ಮೊಳೆ ಹೊಡ್ಸೋಕೆ ಏನಮ್ಮ ಕಷ್ಟ?"

"ಹಳೇದು ಹಳೇದಾಗೇ ಇರಬೇಕು ಅಂತ ಟ್ರಸ್ಟಿನವರ ಹಟ. ಮೊಳೆ ಹೊಡೆದ್ರೆ ಮರ ಸೀಳುತ್ತಂತೆ."

ದಾಕ್ಷಾಯಣಮ್ಮ ಮಂಡಿ ಹಿಡಿದುಕೊಂಡು ಉಳಿದ ಮೆಟ್ಟಿಲು ಹತ್ತಿದರು. ಖಾಕಿಯಲ್ಲೇ ಕೂದಲು ನರೆಸಿಕೊಂಡು, ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ, ಮಧುಗಿರಿಯಲ್ಲೇ ಉಳಿದುಬಿಟ್ಟ ಹೆಂಗಸು. ಮರ ಸೀಳೀತೆಂದು ಇಷ್ಟು ಯೋಚನೆ ಮಾಡುವ ಟ್ರಸ್ಟಿನವರು, ಇದೇ ಮನೆಯ ಕಾವಲುಗಾರನ ತಲೆ ಸೀಳಿ ವಾರ ಕಳೆಯುವ ಮೊದಲೇ ಟಿಕೆಟ್ ಕಿಟಕಿ ತೆರೆದು ಕೂತದ್ದು ಅವರಿಗೆ ಒಂಚೂರೂ ಹಿಡಿಸಿರಲಿಲ್ಲ.

ಕಾವಲುಗಾರ ಮಲ್ಲಿಕಾರ್ಜುನಯ್ಯ, ಊರಿನವರ ಬಾಯಲ್ಲಿ ಮಲ್ಲಣ್ಣ, ಈ ಮಾಳಿಗೆಯ ಮೇಲೇ ಪ್ರಾಣ ಬಿಟ್ಟಿದ್ದರು. ಕೊಂದವನೆಂದು ಪೊಲೀಸರು ಹಿಡಿದದ್ದು ಬಂಗಲೆಯ ಹಳೇ ಬೀಗ, ಕೀಲುಗಳನ್ನು ರಿಪೇರಿ ಮಾಡಲು ಬಂದಿದ್ದ ಸಿರಾದ ಸುಹೇಲನನ್ನು. ಅವನ ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತದೆ. ಸಂಜೆಯೊಳಗೆ ಕೋರ್ಟಿಗೆ ಹಾಜರುಪಡಿಸಿ ತುಮಕೂರು ಜೈಲಿಗೆ ಕಳಿಸಿದರೆಂದರೆ ಆ ಹುಡುಗ ಮತ್ತೆ ಯಾವಾಗ ಬಿಸಿಲು ಕಾಣುತ್ತಾನೋ ಹೇಳಲಾಗದು.

ಅವನ ತಾಯಿ ಹಮೀದಾ ಹೊರಗಿನ ಜಗಲಿಯಲ್ಲಿ ಕೂತಿದ್ದಳು. ಹಿಂದೆ ದೊರೆಗೆ ಗಾಳಿ ಬೀಸಲು ಪಂಖದ ಹಗ್ಗ ಎಳೆಯುವ ಆಳು ಕೂರುತ್ತಿದ್ದನಂತೆ, ಅದೇ ಕಲ್ಲುಬೆಂಚಿನ ಮೇಲೆ. ದಾಕ್ಷಾಯಣಮ್ಮ ಒಳಗೆ ಬರುವಾಗ ಅವಳನ್ನೂ ಕರೆದಿದ್ದರು.

"ಬ್ಯಾಡ ಅಮ್ಮಾ" ಎಂದಿದ್ದಳು ಹಮೀದಾ. "ಈ ಮನೆ ಹೊಸ್ಲು ನಾನು ಇವತ್ತಿನ್ವರ್ಗೂ ದಾಟಿಲ್ಲ. ಮಗ ಕೆಲ್ಸ ಮಾಡ್ತಿದ್ದಾಗ್ಲೂ ಡಬ್ಬಿ ಗೇಟಲ್ಲೇ ಕೊಟ್ಟು ಹೋಗ್ತಿದ್ದೆ. ಈಗ್ಯಾಕೆ ದಾಟ್ಲಿ?"

"ಆವತ್ತು ಬೆಳಗ್ಗೆ ಸುಹೇಲ್ ಮನೇಲೇ ಇದ್ದ ಅಂತ ನೀನು ಹೇಳಿದ್ಯಲ್ಲ, ಅದನ್ನ ಕೋರ್ಟಲ್ಲೂ ಹೇಳ್ತೀಯಾ?"

"ಎಲ್ಲಿ ಬೇಕಾದ್ರೂ ಹೇಳ್ತೀನಿ. ನಾನೇ ಎಬ್ಬಿಸ್ದೆ, ನಾನೇ ಚಾ ಕೊಟ್ಟೆ. ನನ್ ಬೇಟಾ ಇರುವೆ ತುಳಿಯೋನೂ ಅಲ್ಲ ಅಮ್ಮಾ. ಸಂಜೆ ಒಳಗೆ ಏನಾರ ಮಾಡಿ."

ಮಾಡ್ತೀನಿ ಎಂದು ದಾಕ್ಷಾಯಣಮ್ಮ ಮಾತು ಕೊಟ್ಟಿದ್ದರು. ಸರ್ವಿಸಿನಲ್ಲಿದ್ದಾಗ ಯಾವ ತಾಯಿಗೂ ಹಾಗೆ ಮಾತು ಕೊಟ್ಟವರಲ್ಲ. ಈಗ ಕೊಟ್ಟು ಅದರ ಭಾರ ಹೊತ್ತುಕೊಂಡು ಮೆಟ್ಟಿಲು ಹತ್ತಿದ್ದರು.

ಲೋಹಿತಾ ಮೆಟ್ಟಿಲಿನ ಬುಡಕ್ಕೆ ಹೋಗಿ ಅಡ್ಡಹಗ್ಗ ಕಟ್ಟಿ, ಪಾವಗಡದವರಿಗೆ ಮಾಳಿಗೆ ಇವತ್ತು ಇಲ್ಲವೆಂದು ಹೇಳಿ, ಮತ್ತೆ ಮೇಲೆ ಬಂದಳು. ಹಲಗೆ ಸದ್ದು ಮಾಡಲಿಲ್ಲ.

ಕೋಣೆಯ ಬಾಗಿಲಲ್ಲಿ ಪೊಲೀಸರ ಸೀಲಿನ ಅರಗು ಇನ್ನೂ ಚೂರುಚೂರಾಗಿ ಅಂಟಿಕೊಂಡಿತ್ತು. ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸೊಳ್ಳೆ ಪರದೆ ಇಳಿಬಿಟ್ಟ ನಾಲ್ಕು ಕಂಬದ ದೊಡ್ಡ ಮಂಚ. ಪಕ್ಕದಲ್ಲಿ ದೊರೆಸಾನಿಯ ಹೊಲಿಗೆ ಯಂತ್ರ, ಮಗುವಿನ ತೊಟ್ಟಿಲು, ಗಾಜಿನ ಗುಮ್ಮಟದೊಳಗೆ ಹತ್ತಿ ತುಂಬಿ ನಿಲ್ಲಿಸಿದ ಹಕ್ಕಿಗಳು. ಗೋಡೆಯ ಮೇಲೆ ವಿಕ್ಟೋರಿಯಾ ರಾಣಿ ಯಾರ ಮೇಲೋ ಮುನಿಸಿಕೊಂಡವಳಂತೆ ನೋಡುತ್ತಿದ್ದಳು.

ರಾಣಿಯ ಕಾಲದಲ್ಲಿ ಈ ಸೀಮೆಗೆ ಬಂದ ಯಾವನೋ ಇಂಗ್ಲಿಷ್ ಅಧಿಕಾರಿ, ತನ್ನ ಊರಿನ ಮನೆಯನ್ನೇ ಬೆಟ್ಟದ ಬುಡಕ್ಕೆ ಹೊತ್ತು ತಂದವನ ಹಾಗೆ ಇದನ್ನು ಕಟ್ಟಿಸಿದ್ದ. ಚಳಿ ಕಾಯಿಸಿಕೊಳ್ಳಲು ಕೋಣೆಗೊಂದು ಅಗ್ಗಿಷ್ಟಿಕೆಯನ್ನೂ ಗೋಡೆಯೊಳಗೆ ಕೊರೆಸಿದ್ದ. ಕಿಟಕಿಯಾಚೆ ಮಧುಗಿರಿಯ ಬೋಳು ಬಂಡೆ ಬಿಸಿಲಿಗೆ ಕಾದು ಕೋಣೆಯೊಳಗೆಲ್ಲ ಝಳ ಊದುತ್ತಿತ್ತು. ಈ ಊರಲ್ಲಿ ಬೆಂಕಿ ಕಾಯಿಸಲು ಕೂತ ಮನುಷ್ಯನ ತಲೆಯಲ್ಲಿ ಏನಿತ್ತೋ ಎಂದು ದಾಕ್ಷಾಯಣಮ್ಮನಿಗೆ ಅನ್ನಿಸಿತು.

ಆ ಅಗ್ಗಿಷ್ಟಿಕೆ ಮಂಚದ ಹಿಂದಿನ ಮೂಲೆಯಲ್ಲಿತ್ತು. ಬಾಗಿಲಲ್ಲಿ ನಿಂತರೆ ಕಾಣುವುದಿಲ್ಲ.

"ಇಲ್ಲೇ" ಎಂದಳು ಲೋಹಿತಾ. ಅವಳ ದನಿ ಗೈಡಿನ ದನಿಯಾಗಿ ಉಳಿದಿರಲಿಲ್ಲ. "ಇಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು, ಈ ಕಲ್ಲಿಗೆ ಒರಗಿ ಕೂತಿದ್ರು. ಕಣ್ಣು ಮುಚ್ಚಿತ್ತು. ಎಡಗೈ ತೊಡೆ ಮೇಲೆ, ಅಂಗೈಯಲ್ಲಿ ಲಿಂಗ. ನಾನು ಪೂಜೆಗೆ ಕೂತಿದಾರೆ ಅಂದ್ಕೊಂಡೆ ಮೇಡಂ. ಮುಗೀಲಿ ಅಂತ ಇಲ್ಲೇ ನಿಂತು ಕಾದೆ."

ಅವಳ ಕಣ್ಣು ತುಂಬಿತು. ದಾಕ್ಷಾಯಣಮ್ಮ ಅವಳ ಭುಜದ ಮೇಲೆ ಕೈಯಿಟ್ಟರು. ಸತ್ತವರ ಪೂಜೆ ಮುಗಿಯಲೆಂದು ಕಾದು ನಿಂತ ಹೆಣ್ಣುಮಗಳಿಗೆ ಸಮಾಧಾನದ ಮಾತು ಹೇಳುವುದು ಅವರಿಗೂ ಗೊತ್ತಿರಲಿಲ್ಲ.

ಪೊಲೀಸರ ಲೆಕ್ಕಾಚಾರವೂ ಅಲ್ಲಿಂದಲೇ ಶುರುವಾಗಿತ್ತು. ಮುದುಕ ಬೆಳಗಿನ ಪೂಜೆಗೆ ಕೂತಿದ್ದಾನೆ. ಸುಹೇಲ್ ಬಂದಿದ್ದಾನೆ. ಕೂತವನ ತಲೆ ಹಿಡಿದು ಹಿಂದಿನ ಅಗ್ಗಿಷ್ಟಿಕೆಯ ಅಮೃತಶಿಲೆಯ ಅಂಚಿಗೆ ಬಡಿದಿದ್ದಾನೆ. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಕರಡಿಗೆಯನ್ನು, ಅಂದರೆ ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಡಬ್ಬಿಯನ್ನು, ಎತ್ತಿಕೊಂಡು ಹೋಗಿದ್ದಾನೆ. ಡಬ್ಬಿ ಅವನ ಸಾಮಾನಿನ ಚೀಲದಲ್ಲೇ ಸಿಕ್ಕಿತು. ಇನ್ನೇನು ಬೇಕು?

ಹಿಂದಿನ ದಿನ ಅದರ ಮುಚ್ಚಳದ ಕೀಲು ಕಿತ್ತುಹೋಗಿತ್ತು, ಸರಿಮಾಡು ಎಂದು ಮಲ್ಲಣ್ಣನೇ ಕೊಟ್ಟಿದ್ದು ಎಂದು ಸುಹೇಲ್ ಬಡಕೊಂಡಿದ್ದ. ಲಿಂಗವಂತ ಮುದುಕ ಕರಡಿಗೆ ಬಿಚ್ಚಿ ನಿನ್ನ ಕೈಗೆ ಕೊಟ್ಟನಾ ಎಂದು ಸ್ಟೇಷನ್ನಿನಲ್ಲಿ ನಕ್ಕಿದ್ದರು.

ದಾಕ್ಷಾಯಣಮ್ಮನಿಗೆ ನಗು ಬಂದಿರಲಿಲ್ಲ. ಡಬ್ಬಿ ರಿಪೇರಿಗೆ ಹೋದರೆ ಲಿಂಗವನ್ನು ಬಿಳೀ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವುದು ಅವರ ಮನೆಯಲ್ಲೂ ಇದ್ದದ್ದೇ.

"ಆವತ್ತು ನೀನು ತೆಗೆದ ಫೋಟೋ ಇನ್ನೊಂದ್ಸಲ ತೋರ್ಸಮ್ಮ."

ಟ್ರಸ್ಟಿನವರಿಗೆ ಕಳಿಸಲೆಂದು, ಪೊಲೀಸರು ಬರುವ ಮುಂಚೆ ತೆಗೆದ ಚಿತ್ರಗಳು. ದಾಕ್ಷಾಯಣಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನೋಡು ಇಲ್ಲಿ. ಕೂತಿರೋನ ತಲೆಗೆ ಹಿಂದೆ ಏಟು ಬಿದ್ರೆ ರಕ್ತ ಎಲ್ಲಿಗೆ ಹೋಗ್ಬೇಕು?"

"ಬೆನ್ನಿಗೆ."

"ಇವರದ್ದು ಎಲ್ಲಿಗೆ ಹೋಗಿದೆ?"

ಲೋಹಿತಾ ಬಗ್ಗಿ ನೋಡಿದಳು. ರಕ್ತ ಕೂದಲೊಳಗಿಂದ ಕಿವಿಯ ಮೇಲೆ ಹಾದು ಕೆನ್ನೆಗೆ ಹರಿದು ಒಣಗಿತ್ತು.

"ಒಂದು ಮಗ್ಗುಲಾಗಿ ನೆಲದ ಮೇಲೆ ಬಿದ್ದಿದ್ದೋರು ಇವರು. ಬಿದ್ದಿದ್ದಾಗ್ಲೇ ರಕ್ತ ಹರಿದಿದೆ. ಈಗ ಅಂಗೈ ನೋಡು. ಲಿಂಗದ ಕೆಳಗೆ ರಕ್ತ ಇದೆ. ಲಿಂಗದ ಮೇಲೆ ಒಂದು ಹನಿ ಇಲ್ಲ. ಏಟು ಬಿದ್ದ ಜಾಗಕ್ಕೆ ಕೈ ಹೋಗಿದೆ, ಕೈಗೆ ರಕ್ತ ಆಗಿದೆ. ಲಿಂಗ ಅಂಗೈಗೆ ಬಂದಿದ್ದು ಅದಾದ ಮೇಲೆ."

"ಅಂದ್ರೆ ಯಾರೋ ಎತ್ತಿ ಕೂರಿಸಿದ್ರಾ?"

"ಕೂರಿಸಿದ್ರು. ಪೂಜೆಗೆ ಕೂತೋರ ಮುಂದೆ ನೀರಿನ ತಂಬಿಗೆ ಬೇಡ್ವಾ? ವಿಭೂತಿ ಗಟ್ಟಿ ಬೇಡ್ವಾ? ಬರೀ ನೆಲದ ಮೇಲೆ ಅಂಗಿ ತೊಟ್ಕೊಂಡು ಯಾರು ಪೂಜೆಗೆ ಕೂರ್ತಾರೆ?"

ದಾಕ್ಷಾಯಣಮ್ಮನ ತಾತ ತೀರಿಕೊಂಡ ದಿನ, ಮನೆಯಲ್ಲಿ ಅಳು ಏಳುವ ಮೊದಲೇ ಅವರಪ್ಪ ತಾತನ ಮಂಡಿ ಮಡಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಅವರವರ ಲಿಂಗ ಇಟ್ಟು ಸಮಾಧಿಗೆ ಇಳಿಸುತ್ತಾರೆ. ಮೈ ಸೆಟೆಯುವ ಮುಂಚೆ ಕಾಲು ಮಡಚಬೇಕು, ಇಲ್ಲದಿದ್ದರೆ ಆಮೇಲೆ ಬಹಳ ಕಷ್ಟ. ಕಣ್ಣೀರು ಒರೆಸಿಕೊಳ್ಳಲೂ ಪುರುಸೊತ್ತಿಲ್ಲದೆ ಅಪ್ಪ ಆ ಮಂಡಿಗಳನ್ನು ಹಿಡಿದು ಕೂತದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು.

"ಸುಹೇಲನ ಮನೇಲಿ ಸತ್ತವರ ಕೈಕಾಲು ನೀಟಾಗಿ ಚಾಚಿ, ಗದ್ದಕ್ಕೆ ಬಟ್ಟೆ ಕಟ್ತಾರೆ" ಎಂದರು. "ಈ ಕಾಲು ಮಡಚಿದ ಕೈ ಬೇರೆ. ಇನ್ನೊಬ್ಬರ ಕೊರಳಿನ ಲಿಂಗವನ್ನ ನಮ್ಮೋರು ಯಾರೂ ಸುಮ್ನೆ ಮುಟ್ಟಲ್ಲ. ಹೆಂಡತಿ ಮಕ್ಕಳು ಮುಟ್ಟಬೇಕು, ಇಲ್ಲ ಗುರು ಮುಟ್ಟಬೇಕು. ಇವರಿಗೆ ಮಕ್ಕಳಿಲ್ಲ, ಹೆಂಡತಿ ಕರಿಬಸಮ್ಮ ಆವತ್ತು ತೋವಿನಕೆರೇಲಿ ತಂಗಿ ಮನೇಲಿದ್ಲು."

"ಹಾಗಾದ್ರೆ ಸುಹೇಲನ್ನ ಬಿಡ್ತಾರಾ ಮೇಡಂ?"

"ಕೂರಿಸಿದೋರು ಬಾಯಿ ಬಿಟ್ರೆ ಬಿಡ್ತಾರೆ."

ಕೆಳಗೆ ಯಾರದೋ ಕೆಮ್ಮು ಕೇಳಿಸಿತು. ಆಮೇಲೆ ಮೆಟ್ಟಿಲ ತಿರುವಿನ ಹಲಗೆ ಜೋರಾಗಿ ನರಳಿತು.

"ಬಂದ್ರು" ಎಂದು ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು. "ನೀನು ಕೆಳಗೆ ಹೋಗಿ ಆ ಪಾವಗಡದೋರ್ನ ನೋಡ್ಕೋ. ನಾನು ಕರೆಯೋವರ್ಗೂ ಬರ್ಬೇಡ."

ಬಂದವರು ಅಡವಯ್ಯ. ಮಲ್ಲಿಕಾರ್ಜುನಯ್ಯನ ಮನೆತನಕ್ಕೆ ತಲೆತಲಾಂತರದ ಗುರುಗಳ ಮನೆಯವರು, ಬಂಗಲೆಯ ಹಿಂದಿನ ಬೀದಿಯಲ್ಲೇ ಇರುವವರು. ಸಾವಾದ ಕೋಣೆ, ಜನ ಬಂದು ಹೋಗುವ ಮೊದಲು ಶುದ್ಧಿ ಮಾಡಿಕೊಡಿ ಎಂದು ಲೋಹಿತಾ ಹೇಳಿಕಳಿಸಿದ್ದಳು. ಹೇಳಿಸಿದ್ದು ದಾಕ್ಷಾಯಣಮ್ಮ. ಹೆಗಲಲ್ಲಿ ಕಾವಿ ಜೋಳಿಗೆ, ಕೈಯಲ್ಲಿ ನೀರಿನ ತಂಬಿಗೆ, ಹಣೆ ತುಂಬ ವಿಭೂತಿ. ಮೂರು ದಿನದಿಂದ ನಿದ್ದೆ ಕಾಣದ ಕಣ್ಣು.

"ಶರಣು ಅಯ್ನೋರೇ."

"ಶರಣು ತಾಯಿ. ನೀವೂ ಬಂದಿದೀರಾ?" ಎಂದರು. ತಲೆ ತಗ್ಗಿಸಿಕೊಂಡು ಮಂಚವನ್ನು ಸುತ್ತು ಹಾಕಿ, ನೇರ ಅಗ್ಗಿಷ್ಟಿಕೆಯ ಮುಂದೆ ಹೋಗಿ ನಿಂತರು. ಬಗ್ಗಿ ತಂಬಿಗೆ ಇಟ್ಟರು.

"ಅಯ್ನೋರಿಗೆ ಜಾಗ ತೋರ್ಸೋ ಕೆಲ್ಸಾನೇ ಬೀಳ್ಲಿಲ್ಲ" ಎಂದರು ದಾಕ್ಷಾಯಣಮ್ಮ.

ಬಗ್ಗಿದ ಬೆನ್ನು ಹಾಗೇ ನಿಂತಿತು.

"ಊರೆಲ್ಲಾ ಮಾತಾಡ್ಕೊಂತಾರೆ ತಾಯಿ. ಇಂಗಿಂಗೆ, ಮಾಳ್ಗೆ ಮ್ಯಾಲೆ ಅಂತ."

"ಮಾಳಿಗೆ ಮೇಲೆ ಅಂತ ಮಾತಾಡ್ಕೊಂತಾರೆ. ಮಂಚದ ಹಿಂದೆ, ಈ ಮೂಲೇಲಿ, ಈ ಕಲ್ಲಿನ ಮುಂದೆ ಅಂತ ಯಾರು ಹೇಳಿದ್ರು? ನೀವು ಸಮಾಧಿ ಕೆಲಸಕ್ಕೆ ಬಂದಿದ್ದು ಕರಿಬಸಮ್ಮನ ಮನೆಗೆ. ಬಂಗಲೆಗಲ್ಲ."

ದಾಕ್ಷಾಯಣಮ್ಮ ಫೋನನ್ನು ಅವರ ಮುಂದೆ ಹಿಡಿದರು.

"ಈ ಮಂಡಿ ಮಡಚಿದ್ದು ಯಾರು ಅಯ್ನೋರೇ?"

ಅವರು ಚಿತ್ರ ನೋಡಲಿಲ್ಲ. ನೆಲವನ್ನೇ ನೋಡಿದರು. ಕಿಟಕಿಯಿಂದ ಬಂಡೆಯ ಝಳ ಬೀಸಿ ಸೊಳ್ಳೆ ಪರದೆ ಮೆಲ್ಲಗೆ ಅಲುಗಿತು.

"ನಾನು ಯಾರ್ನೂ ಕೊಂದಿಲ್ಲ ತಾಯಿ."

"ಕೊಂದ್ರಿ ಅಂತ ನಾನೆಲ್ಲಂದೆ? ಕ್ರಮ ತಪ್ಪದಂಗೆ ಕೂರಿಸಿದೀರಾ. ನಮ್ಮಪ್ಪ ನಮ್ಮ ತಾತನ್ನ ಹಿಂಗೇ ಕೂರಿಸಿದ್ದು. ನಂಗೆ ಒಂದೇ ಲೆಕ್ಕ ಸಿಗ್ತಿಲ್ಲ. ಕರಡಿಗೆ ರಿಪೇರಿಗೆ ಹೋಗಿತ್ತು, ಲಿಂಗ ಅರಿವೇಲಿತ್ತು. ಆ ಅರಿವೆ ಎಲ್ಲಿ? ಪೊಲೀಸರಿಗೆ ಸಿಕ್ಕಿಲ್ಲ. ಕರಿಬಸಮ್ಮನಿಗೂ ಸಿಕ್ಕಿಲ್ಲ."

ದಾಕ್ಷಾಯಣಮ್ಮ ಅವಸರ ಮಾಡಲಿಲ್ಲ. ಸ್ಟೇಷನ್ನಿನಲ್ಲಿ ಕಲಿತ ಒಂದು ವಿದ್ಯೆಯೆಂದರೆ ಇದೇ, ಮಾತು ಗಂಟಲಿಗೆ ಬಂದವರ ಮುಂದೆ ತಾನು ಬಾಯಿ ಮುಚ್ಚಿಕೊಂಡಿರುವುದು.

ಅಡವಯ್ಯ ಜೋಳಿಗೆಯೊಳಗೆ ಕೈಹಾಕಿದರು. ಮಡಚಿ ಮಡಚಿ ಚಿಕ್ಕದು ಮಾಡಿದ್ದ ಬಿಳೀ ಅರಿವೆಯೊಂದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡರು. ಅದರ ಅಂಚು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

"ಜಯಮಂಗಲೀಲಿ ಬುಡಾಣ ಅಂದ್ಕೊಂಡೆ. ಹೊಳೇಲಿ ನೀರೇ ಇಲ್ಲ. ಸುಡಾಣ ಅಂದ್ರೆ ಕೈ ಬರ್ಲಿಲ್ಲ." ಅವರ ದನಿ ಒಡೆಯಿತು. "ಮಲ್ಲಣ್ಣನ ಕೊಳ್ಗೆ ಲಿಂಗ ಕಟ್ಟಿದ್ದು ನಮ್ಮಪ್ಪಯ್ಯ. ನಾವಿಬ್ರೂ ಜೊತ್ಯಾಗೆ ಗೋಲಿ ಆಡಿದೋರು."

"ಕೂತ್ಕೊಳ್ಳಿ ಅಯ್ನೋರೇ."

ಅವರು ಕೂರಲಿಲ್ಲ. ಆ ಜಾಗದಲ್ಲಿ ಕೂರಲು ಅವರಿಂದ ಆಗಲಿಲ್ಲವೋ ಏನೋ.

"ನಾನು ಬರೋ ಹೊತ್ಗೆ ಉಸಿರು ನಿಂತೋಗಿತ್ತು. ಮೈ ಇನ್ನಾ ಬೆಚ್ಗಿತ್ತು. ಆಗಿನ್ನಾ ಮೂಡ್ಲು ಕೆಂಪಾಗ್ತಿತ್ತು. ಇಂಗೆ, ಒಂದು ಮಗ್ಗಲಾಗಿ ಬಿದ್ದಿದ್ದ. ಅಂಗೇ ಬುಟ್ಟು ಹೋಗಕ್ಕಾಯ್ತದಾ ತಾಯಿ? ತಡ ಮಾಡುದ್ರೆ ಕಾಲು ಬಗ್ಗಲ್ಲ. ಮೊದ್ಲು ಕಣ್ಣು ಮುಚ್ಚಿದೆ. ಆಮ್ಯಾಕೆ ಮಂಡಿ ಹಿಡ್ಕಂಡೆ. ಅರಿವೆ ಬಿಚ್ಚಿ ಲಿಂಗ ಕೈಗೆ ಕೊಟ್ಟೆ. ಅದೊಂದು ಮಾಡಿ ಎದ್ದು ಹೋದೆ. ಅದು ಕೊಲೆ ಕೇಸಾಗ್ತದೆ, ಕೂರ್ಸಿದ್ದನ್ನೇ ಹಿಡ್ಕಂಡು ಇನ್ನೊಬ್ರನ್ನ ಒಳಗಾಕ್ತಾರೆ ಅಂತ ನಂಗೇನು ಗೊತ್ತು?"

"ಗೊತ್ತಾದ ಮೇಲೆ ಯಾಕೆ ಸ್ಟೇಷನ್‌ಗೆ ಹೋಗ್ಲಿಲ್ಲ?"

ಅಡವಯ್ಯ ಅರಿವೆಯನ್ನು ಮತ್ತೆ ಮಡಚತೊಡಗಿದರು.

"ನಿಮ್ಮನ್ನ ಕರೆದೋರು ಯಾರು? ಅಷ್ಟು ಬೆಳಗ್ಗೆ ಮಲ್ಲಣ್ಣ ಬಿದ್ದಿದಾರೆ ಅಂತ ಕನಸಂತೂ ಬಿದ್ದಿರಲ್ಲ."

"ಮಾತು ಕೊಟ್ಟಿದೀನಿ ತಾಯಿ. ಮಲ್ಲಣ್ಣನ ಕೈಲಿದ್ದ ಲಿಂಗದ ಮುಂದೆ ಕೊಟ್ಟ ಮಾತು. ನನ್ನ ಬೇಕಾದ್ರೆ ಕರ್ಕೊಂಡೋಗಿ. ನಾನೇ ತಳ್ಳಿದೆ ಅಂತ ಬರ್ಕೊಳ್ಳಿ. ರುಜು ಹಾಕ್ತೀನಿ."

ದಾಕ್ಷಾಯಣಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹೊತ್ತು ಇಟ್ಟುಕೊಂಡಿದ್ದ ಮರ್ಯಾದೆ ಜಾರಿತು.

"ಸುಳ್ಳು ರುಜು ಹಾಕಿ ಪುಣ್ಯ ಕಟ್ಕೊಳ್ಳೋಕೆ ಹೊರಟ್ರಾ ಅಯ್ನೋರೇ? ನಿಜವಾಗಿ ತಳ್ಳಿದೋನು ಹೊರಗೆ ಬಿಸಿಲಲ್ಲಿ ಆರಾಮಾಗಿ ಓಡಾಡ್ಕೊಂಡಿರ್ಲಿ ಅಂತನಾ? ಲಾಕಪ್ಪಲ್ಲಿ ಕೂತಿರೋ ಹುಡುಗನ ತಾಯಿ ಕೆಳಗೆ ಜಗಲೀಲಿ ಅನ್ನ ನೀರು ಬಿಟ್ಟು ಕೂತಿದಾಳೆ. ಅವಳ ಮುಂದೆ ಹೋಗಿ ಹೇಳಿ, ಮಾತು ಕೊಟ್ಟಿದೀನಿ ಅಂತ."

"ಹೇಳಿ ಅಯ್ನೋರೇ."

ಇಬ್ಬರೂ ತಿರುಗಿದರು. ಮಂಚದ ಆಚೆ ಹಮೀದಾ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ. ಬರಿಗಾಲು, ತಲೆ ಮೇಲೆ ಸೆರಗು. ಸೊಳ್ಳೆ ಪರದೆಯ ಹಿಂದಿನಿಂದ ಅವಳ ಮುಖ ಮಸುಕಾಗಿ ಕಾಣುತ್ತಿತ್ತು.

"ಹೇಳಿ" ಎಂದಳು ಮತ್ತೆ. ಪರದೆ ದಾಟಿ ಹತ್ತಿರ ಬಂದು ಎರಡೂ ಕೈ ಒಡ್ಡಿದಳು. "ಸಂಜೆಗೆ ನನ್ ಮಗನ್ನ ತುಮಕೂರ್ಗೆ ತಗೊಂಡೋಗ್ತಾರೆ. ನೀವು ದೇವ್ರ ಕೆಲ್ಸ ಮಾಡೋರು. ಯಾರ್ಗೆ ಕೊಟ್ಟ ಮಾತು ಅದು? ನನ್ ಬೇಟಾನ ಜೀವಕ್ಕಿಂತ ದೊಡ್ಡ ಮಾತಾ?"

ಅಡವಯ್ಯ ಅವಳನ್ನು ನೋಡಿದರು. ಅವರ ಮುಖದಲ್ಲಿ ಕಂಡದ್ದು ಭಯವಲ್ಲ. ಕನಿಕರ.

"ಕೇಳ್ಬೇಡ ಕಣಮ್ಮ. ಹೋಗು, ಕೆಳಗೆ ಹೋಗು."

"ನಾನು ಹೋಗಲ್ಲ. ನಿಮ್ ಕಾಲು ಹಿಡೀತೀನಿ."

ಅವಳು ನಿಜವಾಗಿಯೂ ಬಗ್ಗಿದಳು. ಅಡವಯ್ಯ ಹಿಂದಕ್ಕೆ ಸರಿಯಲು ಹೋದರು, ಅಗ್ಗಿಷ್ಟಿಕೆಯ ಕಲ್ಲು ಬೆನ್ನಿಗೆ ತಾಕಿತು. ಹಿಂದೆ ಹೋಗಲು ಜಾಗವಿರಲಿಲ್ಲ.

"ಆ ಮಾತು ತಗೊಂಡೋನು ನಿನ್ ಮಗನೇ ಕಣಮ್ಮ!"

ಕೆಳಗೆ ಪಾವಗಡದ ಮಗುವೊಂದು ದೊರೆಯ ಹಳೇ ಪಿಯಾನೋದ ಮೇಲೆ ಕೈಯಾಡಿಸಿರಬೇಕು. ಒಂದು ಕುಟ್ಟಿದ ಸದ್ದು ಬಂದು ನಿಂತುಹೋಯಿತು.

"ಏನಂದ್ರಿ?" ಎಂದರು ದಾಕ್ಷಾಯಣಮ್ಮ. ಅವರ ದನಿ ಅವರಿಗೇ ಬೇರೆಯಾಗಿ ಕೇಳಿಸಿತು.

"ಸುಹೇಲ. ನಸುಕಲ್ಲಿ ಬಂದು ಬಾಗ್ಲು ಬಡುದ. ಮಲ್ಲಣ್ಣ ಬಿದ್ದವ್ರೆ, ನಿಮ್ನೇ ಕರೀತವ್ರೆ, ಬಿರ್ನೆ ಬನ್ನಿ ಅಂದ. ಬಂದೆ. ನಾನು ಮಂಡಿ ಹಿಡ್ಕಂಡಾಗ ಬೆನ್ನಿಗೆ ಆನಿಕೆ ಕೊಟ್ಟೋನೂ ಅವನೇ. ಅಳ್ತಾ ಇದ್ದ, ಕೂಸು ಅತ್ತಂಗೆ. ಯಾರ್ಲಾ ಮಾಡಿದ್ದು ಅಂದೆ. ಬಾಯಿ ಬುಡ್ಲಿಲ್ಲ."

ಹಮೀದಾ ಬಗ್ಗಿದಲ್ಲೇ ಉಳಿದಿದ್ದಳು.

"ಎಲ್ಲಾ ಆದ್ಮ್ಯಾಕೆ ನನ್ ಕಾಲು ಹಿಡ್ಕಂಡ, ನೀನು ಈಗ ಹಿಡಿಯಕ್ಕೆ ಬಂದ್ಯಲ್ಲ ಅಂಗೇ. ನಾನಿಲ್ಲಿಗೆ ಬಂದಿದ್ದು ಯಾರ್ಗೂ ಹೇಳ್ಬೇಡಿ ಅಯ್ನೋರೇ ಅಂದ. ಹೇಳುದ್ರೆ ಯಾಕ್ ಬಂದೆ ಅಂತಾರೆ. ಯಾರ್ನ ಹುಡ್ಕಂಡ್ ಬಂದೆ ಅಂತಾರೆ. ಅದೊಂದನ್ನ ಮಾತ್ರ ನನ್ನ ಕೊಂದ್ರೂ ಹೇಳಾಕಿಲ್ಲ ಅಂದ." ಅಡವಯ್ಯ ಅರಿವೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಅವನು ಇಲ್ಲಿಗೆ ಬಂದೇ ಇಲ್ಲ ಅಂತ ನೀವೆಲ್ಲಾ ಹೋರಾಡ್ತಿದ್ರಿ. ನಾನು ಬಾಯಿ ಬುಟ್ರೆ ಬಂದಿದ್ದ ಅಂತ ಆಗ್ತದೆ. ಬುಡದಿದ್ರೂ ಜೈಲು, ಬುಟ್ರೂ ಜೈಲು. ನಾನೇನು ಮಾಡ್ಲಿ ತಾಯಿ?"

ದಾಕ್ಷಾಯಣಮ್ಮ ಮಂಚದ ಕಂಬ ಹಿಡಿದುಕೊಂಡರು. ಬೆಳಗಿನಿಂದ ಒಂದೊಂದೇ ಎಳೆ ಬಿಡಿಸಿ ಸುಹೇಲನ ಬಿಡುಗಡೆಗೆಂದು ಅವರು ಹೆಣೆದ ಹಗ್ಗ ಅವನ ಕೊರಳಿಗೇ ಬಂದು ಬಿದ್ದಿತ್ತು. ಸಂಜೆಯೊಳಗೆ ಏನಾದರೂ ಮಾಡುತ್ತೇನೆಂದು ತಾಯಿಗೆ ಕೊಟ್ಟ ಮಾತು ನೆನಪಾಗಿ ನಾಚಿಕೆಯಾಯಿತು.

ಆದರೂ ಪೊಲೀಸಿನವಳ ಬುದ್ಧಿ ಸುಮ್ಮನಿರಲಿಲ್ಲ. ನಸುಕಿನಲ್ಲಿ ಹಾಸಿಗೆ ಬಿಟ್ಟೆದ್ದು, ಬೀಗ ಹಾಕಿದ ಮನೆಯೊಳಗೆ ಸುಹೇಲ್ ಯಾರನ್ನು ಹುಡುಕಿಕೊಂಡು ಬಂದ? ಕೊಂದರೂ ಹೆಸರು ಹೇಳದಷ್ಟು ಅವನಿಗೆ ಬೇಕಾದವರು ಯಾರು? ಟ್ರಸ್ಟಿನವರಂತೂ ಅಲ್ಲ. ಲೋಹಿತಾಳೂ ಅಲ್ಲ, ಅವಳ ಅಂಥ ಋಣವೇನೂ ಅವನ ಮೇಲಿಲ್ಲ. ಊರು ಬಿಟ್ಟು ಬಂದ ಹುಡುಗ. ಇಲ್ಲಿ ಅವನಿಗೆ ಇದ್ದವರು...

ಅವರು ಮೆಲ್ಲಗೆ ಹಮೀದಾಳ ಕಡೆ ತಿರುಗಿದರು.

ಬರಿಗಾಲು. ತಾವು ಹತ್ತಿದಾಗ ನರಳಿದ ಹಲಗೆ. ಅಡವಯ್ಯ ಹತ್ತಿದಾಗ ನರಳಿದ ಹಲಗೆ. ಹೇಳಿದರೂ ಎಲ್ಲರ ಕಾಲೂ ನಡುವೆಯೇ ಬೀಳುವ, ಬೆಳಕಿಲ್ಲದ ಆ ತಿರುವು. ಹೊಸ್ತಿಲೇ ದಾಟಿಲ್ಲವೆಂದವಳು ಮೇಲೆ ಬಂದದ್ದು ಈ ಕೋಣೆಯಲ್ಲಿದ್ದ ಇಬ್ಬರಿಗೂ ಕೇಳಿಸಿರಲಿಲ್ಲ.

"ಹಮೀದಾ" ಎಂದರು ದಾಕ್ಷಾಯಣಮ್ಮ. "ಮೆಟ್ಟಿಲು ತಿರುಗೋ ಕಡೆ ಒಂದು ಹಲಗೆ ಇದೆ. ಹೊಸಬರು ಯಾರು ಬಂದ್ರೂ ಸದ್ದು ಮಾಡುತ್ತೆ. ನೀನು ಬಂದಾಗ ಮಾಡ್ಲಿಲ್ಲ."

ಹಮೀದಾ ನಿಧಾನವಾಗಿ ತಲೆಯೆತ್ತಿದಳು. ಅವಳು ನೋಡಿದ್ದು ದಾಕ್ಷಾಯಣಮ್ಮನನ್ನೂ ಅಲ್ಲ, ಅಡವಯ್ಯನ ಕೈಯಲ್ಲಿದ್ದ ಅರಿವೆಯನ್ನೂ ಅಲ್ಲ. ಮಗ ಅಳುತ್ತ ಆನಿಕೆ ಕೊಟ್ಟು ಕೂತಿದ್ದ ಆ ಬರೀ ನೆಲವನ್ನು.

"ಆವತ್ತು ನಸುಕಲ್ಲಿ ಅವನು ಮನೇಲಿ ಮಲಗಿದಾನೆ ಅಂದ್ಕೊಂಡಿದ್ದೆ. ನನ್ನ ಹಿಂದೇನೇ ಬಂದಿದ್ನಾ ಅಮ್ಮಾ?" ಎಂದು ಕೇಳಿದಳು.